ಕೆನೆ ಇಲ್ಲದಿದ್ದರೆ ಏನು ಹಾಕೋಣ?



ಈ ಸಲ ಒಂದು ಒಡೆದ ಹಾಲಿನ ಕಥೆಯಿಂದ ಶುರು ಮಾಡೋಣ.

ಮಲ್ದಕಲ್ ಕಡೆಯ ಒಬ್ಬ ವಿದ್ಯಾರ್ಥಿನಿ. ಒಂಬತ್ತನೇ ತರಗತಿ. ರಾಯಚೂರಿನ ಹಾಸ್ಟೆಲ್ಲಿನಲ್ಲಿ ಓದುವ ಅಕ್ಕ ರಜೆಗೆ ಊರಿಗೆ ಬರುತ್ತಾಳೆಂದು, ಮೊಬೈಲಿನಲ್ಲಿ ನೋಡಿದ ಪನೀರ್ ಗ್ರೇವಿ ಮಾಡಲು ಹೊರಟಳು. ಟೊಮ್ಯಾಟೊ, ಉಳ್ಳಾಗಡ್ಡಿ, ಖಾರಪುಡಿ ಎಲ್ಲಾ ಮನೆಯಲ್ಲಿತ್ತು. ಆದರೆ ವಿಡಿಯೋದಲ್ಲಿ ‘ಅರ್ಧ ಕಪ್ ಹೆವಿ ಕ್ರೀಮ್’ ಎಂದಿತ್ತು. ಊರಿನ ಅಂಗಡಿಯಲ್ಲಿ ಕೇಳಿದರೆ, "ಅದು ಇಲ್ಲಿ ಸಿಗಂಗಿಲ್ಲವ್ವ, ಗದ್ವಾಲಕ್ಕ ಹೋಗಬೇಕು" ಎಂದರು. ಕ್ರೀಮ್ ಅಂದರೆ ಹಾಲಿನದೇ ತಾನೆ ಎಂದುಕೊಂಡು, ಕುದಿಯುವ ಗ್ರೇವಿಗೆ ಅರ್ಧ ಲೀಟರ್ ಹಾಲು ಸುರಿದಳು. ಎರಡೇ ನಿಮಿಷ! ಮೇಲೆ ಬಿಳಿ ಬಿಳಿ ಕಾಳು, ಕೆಳಗೆ ಕೆಂಪು ನೀರು. ಹಾಲೂ ಹೋಯಿತು, ಪಲ್ಯವೂ ಹೋಯಿತು.

ಅಜ್ಜಿ ನೋಡಿ, "ಶೇಂಗಾ ಇತ್ತಲ್ಲ ಮನ್ಯಾಗ, ಅದನ್ನ ಅರೆದು ಹಾಕಿದ್ರ ಆಗ್ತಿತ್ತಲ್ಲ" ಅಂದರಂತೆ.

ಮರುದಿನ ಆಕೆ ತರಗತಿಯಲ್ಲಿ ಕೇಳಿದ ಪ್ರಶ್ನೆ ಇದು: "ಸರ್, ಕ್ರೀಮ್ ಹಾಕಿದ್ರ ಒಡೆಯಂಗಿಲ್ಲ, ಹಾಲು ಹಾಕಿದ್ರ ಯಾಕ ಒಡೀತದ್ರಿ? ಎರಡೂ ಹಾಲೇ ಅಲ್ಲೇನ್ರಿ?"

ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ, ಕೆನೆಯ ಬದಲು ಯಾವ ಅಡುಗೆಗೆ ಏನು ಹಾಕಬಹುದು, ಯಾವುದಕ್ಕೆ ಏನು ಹಾಕಬಾರದು ಎಂಬುದನ್ನು ನಾವೇ ಯೋಚಿಸಿ ಹೇಳಬಹುದು. ಬನ್ನಿ, ನೋಡೋಣ.

ಕೆನೆ ಎಂದರೇನು?

ಹಾಲು ಬರೀ ಬಿಳಿ ನೀರಲ್ಲ. ಅದರಲ್ಲಿ ಬಹುಪಾಲು ನೀರು. ಆ ನೀರಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಮತ್ತು ಲವಣಗಳು ಕರಗಿರುತ್ತವೆ. ಪ್ರೋಟೀನ್ ಅತಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಕೊಬ್ಬು ಸಣ್ಣ ಸಣ್ಣ ಗೋಲಿಗಳಾಗಿ ಹರಡಿಕೊಂಡಿರುತ್ತದೆ. ಈ ಗೋಲಿಗಳ ಅಡ್ಡಳತೆ ಸಾಮಾನ್ಯವಾಗಿ 3–4 ಮೈಕ್ರೋಮೀಟರ್. ನಿಮ್ಮ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟು! ಒಂದು ಮಿಲಿಲೀಟರ್ ಹಾಲಿನಲ್ಲಿ ಇಂಥವು ನೂರಾರು ಕೋಟಿ ಇರುತ್ತವೆ. ಪ್ರತಿ ಗೋಲಿಯ ಸುತ್ತ ಒಂದು ತೆಳುವಾದ ಪೊರೆ ಇದೆ. ಆ ಪೊರೆ ಇರುವುದರಿಂದಲೇ ಗೋಲಿಗಳು ಒಂದಕ್ಕೊಂದು ಕೂಡಿ ಎಣ್ಣೆಯಾಗಿ ಮೇಲೆ ತೇಲುವುದಿಲ್ಲ. ಹೀಗೆ ಒಂದು ದ್ರವದಲ್ಲಿ ಇನ್ನೊಂದು ದ್ರವ ಕರಗದೆ ಸಣ್ಣ ಹನಿಗಳಾಗಿ ಹರಡಿರುವುದಕ್ಕೆ ಎಮಲ್ಷನ್ ಎನ್ನುತ್ತಾರೆ. ಪಾಠದಲ್ಲಿ ಕಲಿಲ ಎಂದು ಓದಿದ್ದೀರಲ್ಲ, ಹಾಲು ಅದಕ್ಕೆ ಒಳ್ಳೆಯ ಉದಾಹರಣೆ.

ಕೊಬ್ಬಿನ ಸಾಂದ್ರತೆ ನೀರಿಗಿಂತ ಕಡಿಮೆ. ಆದ್ದರಿಂದ ಹಸಿ ಹಾಲನ್ನು ಅಲುಗಿಸದೆ ಇಟ್ಟರೆ ಗೋಲಿಗಳು ನಿಧಾನವಾಗಿ ಮೇಲೆ ಬಂದು ಸೇರುತ್ತವೆ. ಹೀಗೆ ಕೊಬ್ಬು ಹೆಚ್ಚಾಗಿ ಸೇರಿದ ಹಾಲೇ ಕೆನೆ. ಹಿಂದೆ ಇದಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. 1878ರಲ್ಲಿ ಸ್ವೀಡನ್ ದೇಶದ ಗುಸ್ತಾಫ್ ಡಿ ಲಾವಾಲ್ ಹಾಲನ್ನು ಜೋರಾಗಿ ತಿರುಗಿಸಿ ಕೆನೆ ಬೇರೆ ಮಾಡುವ ಯಂತ್ರ ತಯಾರಿಸಿದರು. ಜಾತ್ರೆಯ ತೊಟ್ಟಿಲು ಜೋರಾಗಿ ಸುತ್ತುವಾಗ ನೀವು ಹೊರಗೆ ತಳ್ಳಿದಂತೆ ಆಗುತ್ತದಲ್ಲ, ಅದೇ ತತ್ವ. ಭಾರವಾದ ನೀರಿನ ಭಾಗ ಹೊರಕ್ಕೆ ಹೋಗುತ್ತದೆ, ಹಗುರ ಕೆನೆ ನಡುವೆ ಉಳಿಯುತ್ತದೆ.

ಇಲ್ಲೊಂದು ಮಾತು ನೆನಪಿಡಿ. ಕಾಯಿಸಿ ಆರಿಸಿದ ಹಾಲಿನ ಮೇಲೆ ಚರ್ಮದಂತೆ ಕಟ್ಟುತ್ತದಲ್ಲ, ಅದನ್ನೂ ನಾವು ಕೆನೆ ಎನ್ನುತ್ತೇವೆ. ಆದರೆ ಅದರಲ್ಲಿ ಕೊಬ್ಬಿನ ಜೊತೆಗೆ ಬಿಸಿಗೆ ಗಟ್ಟಿಯಾದ ಪ್ರೋಟೀನ್ ಕೂಡ ಇರುತ್ತದೆ. ಯಂತ್ರದ ಕೆನೆ ಸುರಿಯುವ ಹಾಗಿರುತ್ತದೆ, ಮನೆಯ ಕೆನೆ ಎತ್ತಿಕೊಳ್ಳುವ ಹಾಗಿರುತ್ತದೆ.

ಕೊಬ್ಬಿನ ಲೆಕ್ಕ

ಹಾಲಿನ ಕೇಂದ್ರಕ್ಕೆ ಹಾಲು ಹಾಕುವ ಮನೆಯವರಿಗೆ ‘ಫ್ಯಾಟ್’ ಎಂಬ ಮಾತು ಹೊಸದಲ್ಲ. ಫ್ಯಾಟ್ ನೋಡಿಯೇ ದರ ಕೊಡುತ್ತಾರೆ. ಆಕಳ ಹಾಲಿನಲ್ಲಿ 100 ಗ್ರಾಂಗೆ 3ರಿಂದ 4.5 ಗ್ರಾಂ, ಎಮ್ಮೆ ಹಾಲಿನಲ್ಲಿ 6ರಿಂದ 8 ಗ್ರಾಂ ಕೊಬ್ಬು ಇರುತ್ತದೆ. ಪ್ಯಾಕೆಟ್ ಹಾಲಿಗೂ ಸರ್ಕಾರದ ನಿಯಮ ಇದೆ. ಡಬಲ್ ಟೋನ್ಡ್ ಹಾಲಿನಲ್ಲಿ ಶೇ. 1.5, ಟೋನ್ಡ್ ಹಾಲಿನಲ್ಲಿ ಶೇ. 3, ಫುಲ್ ಕ್ರೀಮ್ ಹಾಲಿನಲ್ಲಿ ಕನಿಷ್ಠ ಶೇ. 6 ಕೊಬ್ಬು ಇರಬೇಕು.

ಈಗ ಕೆನೆಯ ಲೆಕ್ಕ ನೋಡಿ. ನಮ್ಮಲ್ಲಿ ಪೆಟ್ಟಿಗೆಯಲ್ಲಿ ಮಾರುವ ಫ್ರೆಶ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ. 20–25 ಕೊಬ್ಬು ಇರುತ್ತದೆ. ಅಮೆರಿಕದ ನಿಯಮದ ಪ್ರಕಾರ ಹೆವಿ ಕ್ರೀಮ್ ಎನ್ನಬೇಕಾದರೆ ಕನಿಷ್ಠ ಶೇ. 36 ಇರಬೇಕು. ಬೆಣ್ಣೆಯಲ್ಲಿ ಶೇ. 80. ತುಪ್ಪ ಬಹುತೇಕ ಪೂರ್ತಿ ಕೊಬ್ಬೇ.

ಅಂದರೆ ನಮ್ಮ ವಿದ್ಯಾರ್ಥಿನಿ ಹಾಕಿದ ಹಾಲಿನಲ್ಲಿ, ವಿಡಿಯೋದ ಕ್ರೀಮಿಗೆ ಹೋಲಿಸಿದರೆ ಕೊಬ್ಬಿನ ಶೇಕಡಾ ಪ್ರಮಾಣ ಬಹಳ ಕಡಿಮೆ ಇತ್ತು. ಆದರೆ ಹಾಲು ಒಡೆದದ್ದು ಬರೀ ಕೊಬ್ಬು ಕಡಿಮೆ ಇದ್ದದ್ದಕ್ಕಲ್ಲ. ಅಲ್ಲಿ ಪ್ರೋಟೀನಿನ ಕೆಲಸವೂ ಇದೆ.

ಹಾಲು ಯಾಕೆ ಒಡೆಯುತ್ತದೆ?

ಹಾಲಿನ ಮುಖ್ಯ ಪ್ರೋಟೀನಿನ ಹೆಸರು ಕೇಸಿನ್. ಅದರ ಕಣಗಳ ಮೇಲೆ ಋಣ ವಿದ್ಯುದಂಶ ಇರುತ್ತದೆ. ಒಂದೇ ಬಗೆಯ ವಿದ್ಯುದಂಶ ಇರುವ ಕಣಗಳು ಒಂದನ್ನೊಂದು ದೂಡುತ್ತವೆ, ಅಂಟಿಕೊಳ್ಳುವುದಿಲ್ಲ. ತಾಜಾ ಹಾಲಿನ ಪಿಎಚ್ ಸುಮಾರು 6.6. ಟೊಮ್ಯಾಟೊ, ಹುಣಸೆ, ನಿಂಬೆ ಬಿದ್ದಾಗ ಆಮ್ಲ ಹೆಚ್ಚಿ ಪಿಎಚ್ ಇಳಿಯುತ್ತದೆ. 4.6ರ ಹತ್ತಿರ ಬಂದಾಗ ಕೇಸಿನ್ ಕಣಗಳ ಮೇಲಿನ ಒಟ್ಟು ವಿದ್ಯುದಂಶ ಇಲ್ಲವಾಗುತ್ತದೆ. ದೂಡುವ ಶಕ್ತಿ ಹೋದ ಮೇಲೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ನೀರು ಬೇರೆಯಾಗುತ್ತದೆ. ಅದೇ ಒಡೆಯುವುದು. ಹಾಲು ಕುದಿಯುತ್ತಿದ್ದರೆ 4.6ಕ್ಕೆ ಇಳಿಯುವ ತನಕವೂ ಕಾಯುವುದಿಲ್ಲ, ಅದಕ್ಕಿಂತ ಮೊದಲೇ ಒಡೆಯುತ್ತದೆ.

ಹಾಗಾದರೆ ಕ್ರೀಮ್ ಯಾಕೆ ಒಡೆಯುವುದಿಲ್ಲ? ಕೆನೆಯಲ್ಲಿ ಹೆಚ್ಚು ಜಾಗವನ್ನು ಕೊಬ್ಬಿನ ಗೋಲಿಗಳೇ ಹಿಡಿದಿರುತ್ತವೆ. ಆದ್ದರಿಂದ ಪ್ರೋಟೀನ್ ಹಾಲಿಗಿಂತ ಕಡಿಮೆ. ಜೊತೆಗೆ ಗೋಲಿಗಳು ಕಿಕ್ಕಿರಿದು ನಡುವೆ ಬರುವುದರಿಂದ ಪ್ರೋಟೀನ್ ಕಣಗಳು ಕೂಡಿ ದೊಡ್ಡ ಗಂಟಾಗುವುದು ಕಷ್ಟ. ಕೊಬ್ಬು ಕಡಿಮೆ ಇರುವ ಕ್ರೀಮ್ ಆದರೆ, ಹೆಚ್ಚು ಹುಳಿ ಇರುವ ಗ್ರೇವಿಯಲ್ಲಿ ಹೆಚ್ಚು ಹೊತ್ತು ಕುದಿಸಿದರೆ ಅದೂ ಒಡೆಯಬಹುದು. ಅದಕ್ಕೇ ಕ್ರೀಮನ್ನು ಕೊನೆಗೆ, ಉರಿ ಆರಿಸಿ ಹಾಕಿ ಎನ್ನುವುದು.

ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇಲ್ಲಿಗೆ ಉತ್ತರ ಸಿಕ್ಕಿತು. ಎರಡೂ ಹಾಲೇ, ಆದರೆ ಕೊಬ್ಬು ಮತ್ತು ಪ್ರೋಟೀನಿನ ಪ್ರಮಾಣ ಬೇರೆ.

ಮೊದಲು ಕೇಳಬೇಕಾದ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆನೆಯ ಬದಲು ಏನು ಹಾಕಬೇಕು ಎಂದು ಯಾರಾದರೂ ಕೇಳಿದರೆ ತಕ್ಷಣ ಉತ್ತರ ಕೊಡಬೇಡಿ. ತಿರುಗಿ ಒಂದು ಪ್ರಶ್ನೆ ಕೇಳಿ: ‘ಆ ಅಡುಗೆಯಲ್ಲಿ ಕೆನೆ ಮಾಡುವ ಕೆಲಸ ಯಾವುದು?’

ಕೆನೆಗೆ ಬೇರೆ ಬೇರೆ ಅಡುಗೆಯಲ್ಲಿ ಬೇರೆ ಬೇರೆ ಕೆಲಸ.

ಒಂದು: ಸಾರು, ಗ್ರೇವಿಯನ್ನು ಮಂದ ಮಾಡುವುದು, ಹುಳಿ ಖಾರ ತಗ್ಗಿಸುವುದು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ.

ಎರಡು: ಪಾಯಸ, ಸಿಹಿಗೆ ಹಾಲಿನ ರುಚಿ ಮತ್ತು ಜಿಡ್ಡು ಕೊಡುವುದು.

ಮೂರು: ಕೇಕನ್ನು ಮೆತ್ತಗೆ ಮಾಡುವುದು. ಹಿಟ್ಟಿನ ಕಣಗಳಿಗೆ ಕೊಬ್ಬು ಸವರಿಕೊಂಡರೆ ಅದರ ಅಂಟು ಬಲವಾಗಿ ಎಳೆದುಕೊಳ್ಳುವುದಿಲ್ಲ.

ನಾಲ್ಕು: ಗಾಳಿ ಹಿಡಿದು ನೊರೆಯಾಗಿ ನಿಲ್ಲುವುದು. ಕೇಕಿನ ಮೇಲಿನ ಬಿಳಿ ಹೂವು ಇದೇ.

ಈ ನಾಲ್ಕು ಕೆಲಸವನ್ನೂ ಒಂದೇ ಬದಲಿ ಪದಾರ್ಥ ಮಾಡಲಾರದು. ಒಂದೊಂದು ಕೆಲಸಕ್ಕೆ ಒಂದೊಂದು ಆರಿಸಿಕೊಳ್ಳಬೇಕು.

ಹುಳಿ ಖಾರದ ಗ್ರೇವಿಗೆ: ಶೇಂಗಾ

ಅಜ್ಜಿ ಹೇಳಿದ್ದು ಸರಿ. ನಮ್ಮ ಕಡೆಯ ಎಣ್ಣೆಗಾಯಿ ಬದನೆಕಾಯಿ ನೆನಪು ಮಾಡಿಕೊಳ್ಳಿ. ಶೇಂಗಾ, ಎಳ್ಳು, ಒಣ ಕೊಬ್ಬರಿ ಹುರಿದು ಅರೆದ ಮಸಾಲೆ, ಅದಕ್ಕೆ ಹುಣಸೆ ಹುಳಿ. ಹೈದರಾಬಾದಿನ ಬಘಾರಾ ಬೈಂಗನ್, ಮಿರ್ಚಿ ಕಾ ಸಾಲನ್ ಕೂಡ ಹೀಗೆಯೇ. ಹುಣಸೆ ಹಣ್ಣು ಟೊಮ್ಯಾಟೊಗಿಂತ ಹುಳಿ. ಆದರೂ ಅವು ಎಂದಾದರೂ ಒಡೆದದ್ದು ನೋಡಿದ್ದೀರಾ? ಇಲ್ಲ. ಹುರಿದಾಗಲೇ ಶೇಂಗಾದ ಪ್ರೋಟೀನಿನ ರೂಪ ಬದಲಾಗಿರುತ್ತದೆ. ಅರೆದಾಗ ನಾರು, ಪಿಷ್ಟ, ಪ್ರೋಟೀನ್, ಎಣ್ಣೆ ಎಲ್ಲವೂ ನುಣ್ಣಗೆ ಬೆರೆತು ನೀರನ್ನು ಹಿಡಿದುಕೊಳ್ಳುತ್ತವೆ. ಹಾಲಿನಂತೆ ಗಂಟು ಒಂದು ಕಡೆ, ನೀರು ಒಂದು ಕಡೆ ಆಗುವುದಿಲ್ಲ. ಹೆಚ್ಚು ಕುದಿಸಿದರೆ ಮೇಲೆ ಸ್ವಲ್ಪ ಎಣ್ಣೆ ಬಿಡುತ್ತದೆ, ಅಷ್ಟೇ. ಅದು ನಮಗೆ ಇಷ್ಟವೇ ಅಲ್ಲವೇ?

ಲೆಕ್ಕ ಮಾಡಿ ನೋಡೋಣ. ಶೇಂಗಾದಲ್ಲಿ 100 ಗ್ರಾಂಗೆ 40ರಿಂದ 50 ಗ್ರಾಂ ಕೊಬ್ಬು, ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಅರ್ಧ ಕಪ್, ಅಂದರೆ ಸುಮಾರು 120 ಮಿಲಿಲೀಟರ್ ಫ್ರೆಶ್ ಕ್ರೀಮಿನಲ್ಲಿ 30 ಗ್ರಾಂ ಕೊಬ್ಬು. ಅದರ ಬದಲು 30 ಗ್ರಾಂ ಶೇಂಗಾ, ಅಂದರೆ ಮೂರು ದೊಡ್ಡ ಚಮಚ ಹಾಕಿದರೆ 12ರಿಂದ 15 ಗ್ರಾಂ ಕೊಬ್ಬು ಸಿಗುತ್ತದೆ. ಕೊಬ್ಬು ಅರ್ಧ, ಆದರೂ ಗ್ರೇವಿ ಅಷ್ಟೇ ಮಂದ. ಯಾಕೆಂದರೆ ಇಲ್ಲಿ ಮಂದ ಮಾಡುವ ಕೆಲಸವನ್ನು ಪ್ರೋಟೀನ್ ಮತ್ತು ನಾರು ಕೂಡ ಹಂಚಿಕೊಳ್ಳುತ್ತವೆ.

ಮಾಡುವ ಬಗೆ: ಮೂರು ಚಮಚ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಅರ್ಧ ಗಂಟೆ ಬಿಸಿ ನೀರಿನಲ್ಲಿ ನೆನೆಸಿ. ಅರ್ಧ ಕಪ್‌ಗೆ ಕಡಿಮೆ ನೀರು ಹಾಕಿ ನುಣ್ಣಗೆ ರುಬ್ಬಿ. ಗ್ರೇವಿಗೆ ಹಾಕಿ ಐದು ನಿಮಿಷ ಕುದಿಸಿ. ಹುರಿದ ವಾಸನೆ ಬೇಡವೆಂದರೆ ಹುರಿಯದೆ, ಕುದಿಸಿ ರುಬ್ಬಿ. ಗೋಡಂಬಿ ಇದ್ದರೆ ಇನ್ನೂ ಬಿಳಿ, ಇನ್ನೂ ನಯ. ಆದರೆ ಬೆಲೆ ನಿಮಗೆ ಗೊತ್ತಲ್ಲ. ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ನಡಿಗಡ್ಡೆಯಲ್ಲಿ ಶೇಂಗಾ ಹೊಲದಲ್ಲೇ ಬೆಳೆಯುತ್ತದೆ.

‘ಬದಲಿ ಅಂದರೆ ಬಡವರ ಪಾಲು’ ಎಂದು ಮೂಗು ಮುರಿಯಬೇಡಿ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಶುರುವಾಯಿತು. ದೇಶದಲ್ಲಿ ಹಾಲಿನ ಕೊರತೆ ಇದ್ದ ಕಾಲ ಅದು. ಅಲ್ಲಿನ ವಿಜ್ಞಾನಿಗಳು ಶೇಂಗಾದಿಂದ ಪ್ರೋಟೀನ್ ಬೇರೆ ಮಾಡಿ, ಅದನ್ನು ಎಮ್ಮೆ ಹಾಲಿನ ಜೊತೆ ಸೇರಿಸಿ ‘ಮಿಲ್ಟೋನ್’ ಎಂಬ ಪಾನೀಯ ತಯಾರಿಸಿದರು. ಇದ್ದಷ್ಟೇ ಹಾಲು ಹೆಚ್ಚು ಮಕ್ಕಳಿಗೆ ಮುಟ್ಟಲಿ ಎಂಬುದು ಅದರ ಉದ್ದೇಶ. ಅಜ್ಜಿಯ ಒರಳಿನಲ್ಲಿ ನಡೆದ ಯೋಚನೆ, ಮೈಸೂರಿನ ಪ್ರಯೋಗಾಲಯದಲ್ಲಿ ನಡೆದ ಯೋಚನೆ, ಎರಡೂ ಶೇಂಗಾದ ಹತ್ತಿರವೇ ಬಂದು ನಿಂತವು ನೋಡಿ!

ಮೊಸರು ಹಾಕಬಹುದೇ?

ಹಾಕಬಹುದು, ಆದರೆ ಉಪಾಯ ಬೇಕು. ಮೊಸರಿನಲ್ಲಿ ಕೇಸಿನ್ ಆಗಲೇ ಕೂಡಿಕೊಂಡಿದೆ. ಜೋರು ಬಿಸಿ ತಗುಲಿದರೆ ಅದು ಇನ್ನೂ ಬಿಗಿಯಾಗಿ ನೀರನ್ನು ಹೊರಗೆ ಹಿಂಡುತ್ತದೆ. ಅದಕ್ಕೆ ಮನೆಯಲ್ಲಿ ಮಜ್ಜಿಗೆ ಸಾರು ಮಾಡುವಾಗ ಅವ್ವ ಏನು ಮಾಡುತ್ತಾಳೆ ನೋಡಿ. ಮೊದಲು ಕಡಲೆ ಹಿಟ್ಟು ಕಲಸುತ್ತಾಳೆ, ಆಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರುತ್ತಾಳೆ. ಹಿಟ್ಟಿನ ಪಿಷ್ಟ ಬಿಸಿಗೆ ಉಬ್ಬಿ ಪ್ರೋಟೀನ್ ಕಣಗಳ ನಡುವೆ ಬಂದು, ಅವು ಗಂಟಾಗದಂತೆ ತಡೆಯುತ್ತದೆ.

ಕ್ರೀಮಿನಂತೆ ಗಟ್ಟಿ ಬೇಕಿದ್ದರೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ನೀರು ಇಳಿಸಿ. ಅರ್ಧ ಕಪ್ ಗಟ್ಟಿ ಮೊಸರಿಗೆ ಒಂದು ಚಿಕ್ಕ ಚಮಚ ಕಡಲೆ ಹಿಟ್ಟು ಕಲಸಿ, ಸಣ್ಣ ಉರಿಯ ಮೇಲೆ ಒಂದೊಂದೇ ಚಮಚ ಹಾಕುತ್ತಾ ಬನ್ನಿ. ಹಿಟ್ಟಿನ ಹಸಿ ವಾಸನೆ ಹೋಗುವವರೆಗೆ ಕೈಯಾಡಿಸುತ್ತಿರಿ. ಮೊಸರು ತಾನೇ ಹುಳಿ, ಆದ್ದರಿಂದ ಟೊಮ್ಯಾಟೊ ಕಡಿಮೆ ಮಾಡಿ.

ಪಾಯಸಕ್ಕೆ: ಬತ್ತಿಸಿದ ಹಾಲು

ಒಂದು ಲೀಟರ್ ಫುಲ್ ಕ್ರೀಮ್ ಹಾಲಿನಲ್ಲಿ ಸುಮಾರು 60 ಗ್ರಾಂ ಕೊಬ್ಬು. ಅದನ್ನು ಕಾಲು ಲೀಟರ್ ಆಗುವ ತನಕ ಬತ್ತಿಸಿದರೆ ನೀರು ಹೋಗುತ್ತದೆ, ಕೊಬ್ಬು ಉಳಿಯುತ್ತದೆ. ಆಗ ಕೊಬ್ಬಿನ ಪ್ರಮಾಣ ಸುಮಾರು ಶೇ. 23. ಅಂಗಡಿಯ ಫ್ರೆಶ್ ಕ್ರೀಮಿನಷ್ಟೇ ಆಯಿತಲ್ಲ! ಹಾಗಾದರೆ ಇದನ್ನು ಟೊಮ್ಯಾಟೊ ಗ್ರೇವಿಗೆ ಹಾಕಬಹುದೇ?

ಸ್ವಲ್ಪ ತಡೆದು ಯೋಚಿಸಿ. ಬತ್ತಿದಾಗ ಕೊಬ್ಬು ಮಾತ್ರ ನಾಲ್ಕು ಪಟ್ಟು ಆಗಲಿಲ್ಲ. ಕೇಸಿನ್ ನಾಲ್ಕು ಪಟ್ಟು, ಹಾಲಿನ ಸಕ್ಕರೆಯೂ ನಾಲ್ಕು ಪಟ್ಟು. ಹುಳಿ ಬಿದ್ದರೆ ಮೊದಲಿಗಿಂತ ದೊಡ್ಡ ಗಂಟುಗಳೇ ಆಗುತ್ತವೆ, ರುಚಿಯೂ ಸಿಹಿ. ಪಾಯಸಕ್ಕೆ, ಬಾಸುಂದಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಗ್ರೇವಿಗೆ ಮಾತ್ರ ಬೇಡ. ಕೊಬ್ಬಿನ ಅಂಕಿ ಒಂದೇ ಇದ್ದರೆ ಪದಾರ್ಥ ಒಂದೇ ಆಗುವುದಿಲ್ಲ. ಇದೇ ಈ ಲೇಖನದಲ್ಲಿ ನೀವು ಮರೆಯಬಾರದ ಮಾತು.

ಗ್ಯಾಸ್ ಉಳಿಸಬೇಕೆಂದರೆ ದಿನದಿನ ತೆಗೆದಿಟ್ಟ ಮನೆಯ ಕೆನೆಯನ್ನು ಎರಡು ಚಮಚ ಹಾಲಿನ ಜೊತೆ ಚೆನ್ನಾಗಿ ಕಡೆದು, ಉರಿ ಆರಿಸಿದ ಮೇಲೆ ಪಾಯಸಕ್ಕೆ ಸೇರಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಕೆನೆ ಬೇಗ ಹುಳಿಯಾಗುತ್ತದೆ. ಹುಳಿಯಾದರೆ ಪಾಯಸಕ್ಕೆ ಬೇಡ, ಬೆಣ್ಣೆಗೆ ಇರಲಿ.

ಕೇಕಿಗೆ: ಹಾಲು ಬೆಣ್ಣೆ, ಇಲ್ಲವೇ ಮೊಸರು ಎಣ್ಣೆ

ಈಗ ಕುಕ್ಕರಿನಲ್ಲೇ ಕೇಕ್ ಮಾಡುವವರು ಬಹಳ. ಹಿಟ್ಟಿಗೆ ಒಂದು ಕಪ್ ಕ್ರೀಮ್ ಹಾಕಬೇಕು ಎಂದಿದ್ದರೆ ಮುಕ್ಕಾಲು ಕಪ್ ಹಾಲಿಗೆ ಕಾಲು ಕಪ್ ಕರಗಿಸಿದ ಬೆಣ್ಣೆ ಸೇರಿಸಿ. ಲೆಕ್ಕ ಇಲ್ಲಿದೆ: 180 ಮಿಲಿಲೀಟರ್ ಫುಲ್ ಕ್ರೀಮ್ ಹಾಲಿನಲ್ಲಿ ಸುಮಾರು 11 ಗ್ರಾಂ, 60 ಗ್ರಾಂ ಬೆಣ್ಣೆಯಲ್ಲಿ 48 ಗ್ರಾಂ. ಒಟ್ಟು 59 ಗ್ರಾಂ ಕೊಬ್ಬು, ಸುಮಾರು ಶೇ. 25.

ಬೆಣ್ಣೆ ಇಲ್ಲವೇ? ಮುಕ್ಕಾಲು ಕಪ್ ಮೊಸರು, ಕಾಲು ಕಪ್ ವಾಸನೆ ಇಲ್ಲದ ಎಣ್ಣೆ. ಕೊಬ್ಬು ಹೆಚ್ಚುಕಡಿಮೆ ಅಷ್ಟೇ. ಮೊಸರಿನ ಆಮ್ಲ ಅಡುಗೆ ಸೋಡಾದ ಜೊತೆ ವರ್ತಿಸಿ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುವುದರಿಂದ ಕೇಕ್ ಉಬ್ಬುತ್ತದೆ. ಇಷ್ಟು ಮೊಸರಿಗೆ ಅರ್ಧ ಚಿಕ್ಕ ಚಮಚಕ್ಕಿಂತ ಸ್ವಲ್ಪ ಕಡಿಮೆ ಸೋಡಾ ಸಾಕು. ಜಾಸ್ತಿ ಹಾಕಿದರೆ ವರ್ತಿಸದೆ ಉಳಿದ ಸೋಡಾ ಪ್ರತ್ಯಾಮ್ಲೀಯವಾಗಿ ಸೋಪಿನ ರುಚಿ ಕೊಡುತ್ತದೆ.

ಕೇಕಿನ ಮೇಲಿನ ಹೂವಿಗೆ?

ಇಲ್ಲಿ ಮೇಲೆ ಹೇಳಿದ ಯಾವುದೂ ನಡೆಯುವುದಿಲ್ಲ. ಕೆನೆಯನ್ನು ಕಡೆದಾಗ ಗಾಳಿಯ ಗುಳ್ಳೆಗಳು ಒಳಗೆ ಸೇರುತ್ತವೆ. ತಣ್ಣಗಿರುವ ಕೊಬ್ಬಿನ ಗೋಲಿಗಳು ಅರ್ಧಂಬರ್ಧ ಅಂಟಿಕೊಂಡು ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಇದಕ್ಕೆ ಕನಿಷ್ಠ ಶೇ. 30ರಷ್ಟು ಕೊಬ್ಬು ಬೇಕು, ಚಳಿಯೂ ಬೇಕು. ಹಾಲು ಬೆಣ್ಣೆ ಕಲಸಿದ್ದರಲ್ಲಿ ಪೊರೆ ಇರುವ ಆ ಸಣ್ಣ ಗೋಲಿಗಳು ಇಲ್ಲ. ಆದ್ದರಿಂದ ಎಷ್ಟು ಕಡೆದರೂ ಅದು ನೊರೆಯಾಗಿ ನಿಲ್ಲುವುದಿಲ್ಲ. ನಮ್ಮ ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಂತೂ ಹಾಲಿನ ಕೊಬ್ಬು ಕರಗಿ ಎಣ್ಣೆಯೇ ಆಗುತ್ತದೆ.

ಹಾಗಾದರೆ ಬೇಕರಿಯ ಕೇಕಿನ ಮೇಲಿನ ಕ್ರೀಮ್ ಬಿಸಿಲಲ್ಲೂ ಹೇಗೆ ನಿಲ್ಲುತ್ತದೆ? ಬಹಳ ಕಡೆ ಅದು ಹಾಲಿನ ಕೆನೆಯೇ ಅಲ್ಲ. ನೀರು, ಸಕ್ಕರೆ, ಗಟ್ಟಿ ಮಾಡಿದ ಸಸ್ಯಜನ್ಯ ಕೊಬ್ಬು ಸೇರಿಸಿ ಮಾಡಿದ್ದು. ದ್ರವ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವುದಕ್ಕೆ ಹೈಡ್ರೋಜನೀಕರಣ ಎನ್ನುತ್ತಾರೆ. ವನಸ್ಪತಿ ಆಗುವುದೂ ಹೀಗೆಯೇ. ಈ ಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಟ್ರಾನ್ಸ್ ಕೊಬ್ಬು ಉಳಿಯುತ್ತದೆ. ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿಸಿ ಹೃದಯಕ್ಕೆ ತೊಂದರೆ ಕೊಡುತ್ತದೆ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ಶೇ. 2ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ಭಾರತದಲ್ಲಿ 2022ರ ಜನವರಿಯಿಂದ ಇದೆ.

ಹೆದರಿಸಲು ಹೇಳುತ್ತಿಲ್ಲ. ಹುಟ್ಟುಹಬ್ಬಕ್ಕೆ ಒಂದು ತುಂಡು ಕೇಕ್ ತಿನ್ನಿ. ಆದರೆ ಪೆಟ್ಟಿಗೆ ಕೊಳ್ಳುವಾಗ ಹಿಂಭಾಗದ ಸಣ್ಣ ಅಕ್ಷರ ಓದಿ. ಮೊದಲ ಸಾಲಿನಲ್ಲಿ ‘ಹಾಲಿನ ಕೊಬ್ಬು’ ಇದೆಯೋ ‘ಹೈಡ್ರೋಜನೀಕೃತ ಸಸ್ಯಜನ್ಯ ಕೊಬ್ಬು’ ಇದೆಯೋ ನೋಡಿ. ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಎಂದಷ್ಟೇ ಅರ್ಥ, ಹಾಲಿನದು ಎಂದಲ್ಲ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದರೆ ಮನೆಯವರಿಗೆ ಓದಿ ಹೇಳುವ ಕೆಲಸ ನಿಮ್ಮದು.

ಎಚ್ಚರ ಇರಲಿ

ಶೇಂಗಾ ಕೆಲವರ ಮೈಗೆ ಆಗುವುದಿಲ್ಲ. ತಿಂದ ಕೂಡಲೇ ಮೈ ತುರಿಕೆ, ತುಟಿ ಊತ, ಉಸಿರಾಟದ ತೊಂದರೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಬೇರೆಯವರಿಗೆ ಬಡಿಸುವಾಗ ‘ಇದರಲ್ಲಿ ಶೇಂಗಾ ಅದ’ ಎಂದು ಮೊದಲೇ ಹೇಳಿ. ಗೋಡಂಬಿ, ಎಳ್ಳಿಗೂ ಇದೇ ಮಾತು.

ಬೂಜು ಹಿಡಿದ, ಬಣ್ಣಗೆಟ್ಟ, ಕಹಿಯಾದ ಶೇಂಗಾ ಬಳಸಲೇಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಗೆ ಬೂಜು ಬಂದಿತ್ತು. ಆ ಬೂಜಿನ ವಿಷವೇ ಅಫ್ಲಾಟಾಕ್ಸಿನ್. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಮನೆಯಲ್ಲಿ ಶೇಂಗಾ ಚೆನ್ನಾಗಿ ಒಣಗಿಸಿ, ತೇವ ತಾಕದಂತೆ ಇಡಬೇಕು.

ಇನ್ನೊಂದು ಮಾತು: ಇದೆಲ್ಲ ಅಡುಗೆಯ ಬದಲಿ. ಎಳೆ ಮಕ್ಕಳಿಗೆ ಹಾಲಿನ ಬದಲು ಶೇಂಗಾ ಹಾಲು ಕುಡಿಸಬಾರದು.

ಮಾಡಿ ನೋಡಿ

ಬೇಕಾದದ್ದು: ನಾಲ್ಕು ಲೋಟ, ನಿಂಬೆ ರಸ, ಡ್ರಾಪರ್ ಅಥವಾ ಸಣ್ಣ ಚಮಚ, ಪಿಎಚ್ ಕಾಗದ ಇದ್ದರೆ ಒಳ್ಳೆಯದು. ಬಿಸಿ ಮಾಡುವಾಗ ದೊಡ್ಡವರು ಹತ್ತಿರ ಇರಲಿ.

1. ಮೊದಲ ಲೋಟದಲ್ಲಿ ಹಾಲು, ಎರಡನೆಯದರಲ್ಲಿ ಮನೆಯ ಕೆನೆ ಕಡೆದ ಹಾಲು, ಮೂರನೆಯದರಲ್ಲಿ ಬಟ್ಟೆಯಲ್ಲಿ ಸೋಸಿದ ತೆಳು ಶೇಂಗಾ ಹಾಲು, ನಾಲ್ಕನೆಯದರಲ್ಲಿ ಸೋಸದೆ ನೀರು ಬೆರೆಸಿದ ಶೇಂಗಾ ಅರೆದದ್ದು ಹಾಕಿ. ಎಲ್ಲವೂ 50 ಮಿಲಿಲೀಟರ್, ಎಲ್ಲವೂ ಒಂದೇ ಬಿಸಿ ಇರಲಿ.

2. ಒಂದೊಂದಕ್ಕೂ ಒಂದೊಂದೇ ಹನಿ ನಿಂಬೆ ರಸ ಹಾಕಿ ಕದಡಿ. ಎಷ್ಟನೇ ಹನಿಗೆ ಒಡೆಯಿತು ಎಂದು ಬರೆದುಕೊಳ್ಳಿ.

3. ಇದನ್ನೇ ತಣ್ಣಗಿರುವಾಗ ಇನ್ನೊಮ್ಮೆ ಮಾಡಿ. ಹನಿಗಳ ಸಂಖ್ಯೆ ಹೆಚ್ಚಾಯಿತೇ, ಕಡಿಮೆಯಾಯಿತೇ?

4. ಸೋಸಿದ ಶೇಂಗಾ ಹಾಲಿಗೂ ಸೋಸದ ಶೇಂಗಾಕ್ಕೂ ವ್ಯತ್ಯಾಸ ಕಂಡಿತೇ? ಕಂಡರೆ ಯಾಕಿರಬಹುದು? ಗುಂಪಿನಲ್ಲಿ ಚರ್ಚಿಸಿ.

ಪ್ರಯೋಗದಲ್ಲಿ ಒಡೆದ ಹಾಲನ್ನು ಚೆಲ್ಲಬೇಡಿ. ಲೋಟ, ಕೈ ಸ್ವಚ್ಛವಾಗಿದ್ದರೆ, ಪಿಎಚ್ ಕಾಗದ ಅದ್ದದ ಹಾಲನ್ನು ಸೋಸಿ ಸಕ್ಕರೆ ಹಾಕಿ ತಿನ್ನಬಹುದು.

ಕೊನೆಗೆ

ನಮ್ಮ ವಿದ್ಯಾರ್ಥಿನಿ ಸುಮ್ಮನೆ ಕೂರಲಿಲ್ಲ. ಮುಂದಿನ ಭಾನುವಾರ ಅಕ್ಕ ಹಾಸ್ಟೆಲ್ಲಿಗೆ ಹೊರಡುವ ಮೊದಲು ಅದೇ ಗ್ರೇವಿ ಮತ್ತೆ ಮಾಡಿದಳು. ಈ ಸಲ ಮೂರು ಚಮಚ ಶೇಂಗಾ, ಇಳಿಸುವಾಗ ಒಂದು ಚಮಚ ಕಡೆದ ಕೆನೆ. ಸೋಮವಾರ ಬಂದು ಹೇಳಿದಳು: "ಸರ್, ಒಡೀಲಿಲ್ರಿ. ಅಕ್ಕ ಯಾವ ಕ್ರೀಮ್ ಹಾಕಿದಿ ಅಂತ ಕೇಳಿದಳು. ಅಜ್ಜಿ ನಕ್ಕೊಂತ ಕುಂತಿದ್ದಳು. ಆದ್ರ ಸರ್, ಶೇಂಗಾ ಸ್ವಲ್ಪ ಜಾಸ್ತಿ ಹುರಿದು ಬಿಟ್ಟಿದ್ದೆ, ಬಣ್ಣ ಕಂದು ಬಂತು. ಮುಂದಿನ ಸಲ ಕುದಿಸಿ ನೋಡ್ತೀನ್ರಿ."

ಒಂದು ಸಲ ಒಂದೇ ಬದಲಾವಣೆ ಮಾಡಿ, ಫಲಿತಾಂಶ ನೋಡಿ, ಬರೆದಿಟ್ಟುಕೊಳ್ಳುವುದು ಪ್ರಯೋಗಾಲಯದಲ್ಲೂ ಇದೇ ರೀತಿ.

ನಿಮ್ಮ ಮನೆಯಲ್ಲಿ ಕೆನೆ ಇಲ್ಲದಾಗ ಏನು ಹಾಕುತ್ತಾರೆ? ಅಜ್ಜಿ, ಅವ್ವನನ್ನು ಕೇಳಿ. ಅದು ನಾಲ್ಕರಲ್ಲಿ ಯಾವ ಕೆಲಸ ಮಾಡುತ್ತದೆ, ಯಾಕೆ ಮಾಡುತ್ತದೆ ಎಂದು ಒಂದು ಪುಟದಲ್ಲಿ ಬರೆಯಿರಿ. ನಿಂಬೆ ಹನಿಗಳ ಲೆಕ್ಕವನ್ನೂ ಸೇರಿಸಿ ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ. ನಿಮ್ಮ ಲೆಕ್ಕ ಪಕ್ಕದ ಊರಿನ ಶಾಲೆಯ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ಸೇರಿ ನೋಡೋಣ.